ಪದ ಬೇಕು: ‘ಕನ್ಸೆಷನ್ ಅಗ್ರಿಮೆಂಟ್’ ಅಂದರೆ ‘ರಿಯಾಯಿತಿ ಒಪ್ಪಂದ’ವೇ?

ಎಲ್ಲರಿಗೂ ನಮಸ್ಕಾರ. ಹಳ್ಳಿಯ ನೀರು ಸರಬರಾಜು ಮತ್ತು ನೈರ್ಮಲ್ಯದಲ್ಲಿ ಸರ್ಕಾರಿ-ಖಾಸಗಿ ಸಹಭಾಗಿತ್ವದ ಬಗ್ಗೆ ನಾಲ್ಕು ಪುಟದ ಕರಪತ್ರವೊಂದು ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಅದರಲ್ಲಿ ‘ಕನ್ಸೆಷನ್ ಅಗ್ರಿಮೆಂಟ್’ ಎಂಬುದು ‘ರಿಯಾಯಿತಿ ಒಪ್ಪಂದ’ ಆಗಿದೆ. ಓದಿದವರು ನೀರಿನ ಬಿಲ್ಲಿನಲ್ಲಿ ರಿಯಾಯಿತಿ ಅಂದುಕೊಳ್ಳುತ್ತಾರೆ. ಇನ್ನೆರಡು ಅನುಮಾನ: ‘ನಾನ್-ರೆವೆನ್ಯೂ ವಾಟರ್’ಗೆ ‘ಆದಾಯರಹಿತ ನೀರು’, ‘ಡೀಸ್ಲಡ್ಜಿಂಗ್’ಗೆ ‘ಹೂಳೆತ್ತುವಿಕೆ’. ಇಂದೇ ತಿಳಿಸಿದರೆ ಉಪಕಾರ.
— ಸು.

*

ಗುತ್ತಿಗೆ. ಮುಗಿಯಿತು.

ಹಳಗನ್ನಡದ ಗುತ್ತಗೆ, ತೆಲುಗಿನ ಗುತ್ತ, ತಮಿಳಿನ ಕುತ್ತಗೈ ಎಲ್ಲ ಒಂದೇ ಬಳ್ಳಿ. ಗೊತ್ತುಮಾಡಿದ ಹಣ ಕಟ್ಟಿ, ಹುಟ್ಟುವಳಿಯನ್ನು ತಾನೇ ಅನುಭವಿಸುವ ಏರ್ಪಾಟು. ಫ್ರೆಂಚರು ನೀರಿನ ವ್ಯವಸ್ಥೆಗೆ ಬಳಸುವ ‘ಅಫೆರ್ಮಾಜ್’ ಕೂಡ ಇದೇ ಜಾತಿ. ಅದರೊಳಗಿನ ‘ಫೆರ್ಮ್’, ಇಂಗ್ಲಿಷಿನ ‘ಫಾರ್ಮ್’ ಎರಡೂ ಮೊದಲು ಹೇಳುತ್ತಿದ್ದದ್ದು ಗೊತ್ತಾದ ಗೇಣಿಯನ್ನು. ಹೊಲ ಎಂಬ ಅರ್ಥ ಆಮೇಲೆ ಬಂತು. ಕೈಯಲ್ಲೇ ಪದ ಇಟ್ಟುಕೊಂಡು ರಿಯಾಯಿತಿಗೆ ಯಾಕೆ ಹೋದರೋ.
— ನಾ. ಭ.

*

> ಗುತ್ತಿಗೆ. ಮುಗಿಯಿತು.

ಮುಗಿಯಲಿಲ್ಲ ರಾಯರೇ. ಚರಂಡಿ ತೋಡುವವನೂ ಗುತ್ತಿಗೆದಾರನೇ. ಈ ಕ್ಷೇತ್ರದಲ್ಲಿ ಮೂರು ಬೇರೆ ಬೇರೆ ಒಪ್ಪಂದಗಳಿವೆ, ಮೂರಕ್ಕೂ ಒಂದೇ ಪದ ಹಾಕಿದರೆ ಕರಪತ್ರ ಹಂಚಿಯೂ ಪ್ರಯೋಜನವಿಲ್ಲ.

ಮೊದಲನೆಯದರಲ್ಲಿ ಕಂಪನಿಗೆ ಸಂಬಳದ ಹಾಗೆ ಶುಲ್ಕ. ಪಂಪು ನಡೆಸುತ್ತದೆ, ಬಿಲ್ಲು ವಸೂಲಾಗದಿದ್ದರೆ ನಷ್ಟ ಅದರದ್ದಲ್ಲ. ಸಾಮಾನ್ಯವಾಗಿ 3ರಿಂದ 5 ವರ್ಷ. ಎರಡನೆಯದು ನೀವು ಹೇಳಿದ ಅಫೆರ್ಮಾಜ್: ನಡೆಸುವುದು, ದುರಸ್ತಿ, ವಸೂಲಿ ಕಂಪನಿಯದು, ಹೊಸ ಟ್ಯಾಂಕು, ಹೊಸ ಪೈಪ್‌ಲೈನಿನ ಬಂಡವಾಳ ಸರ್ಕಾರದ್ದು. ಕನ್ಸೆಷನ್ ಮೂರನೆಯದು. ಬಂಡವಾಳವನ್ನೂ ಕಂಪನಿಯೇ ಹಾಕಿ, ನೀರಿನ ದರದಿಂದ ಹಿಂದಕ್ಕೆ ಪಡೆದು, ಅವಧಿ ಮುಗಿದಾಗ ಎಲ್ಲವನ್ನೂ ಒಪ್ಪಿಸಿ ಹೋಗಬೇಕು. ಅದಕ್ಕೇ ಅವಧಿ 20–30 ವರ್ಷ.

ಸು. ಅವರೇ, ಯಾವುದೆಂದು ತಿಳಿಯಲು ಒಂದೇ ಪ್ರಶ್ನೆ ಸಾಕು: ಮೋಟರು ಸುಟ್ಟರೆ ರಿವೈಂಡಿಂಗ್ ಯಾರ ಖರ್ಚು, ಪೈಪೇ ಹಳತಾದರೆ ಹೊಸ ಪೈಪು ಯಾರ ಖರ್ಚು? ಎರಡಕ್ಕೂ ಉತ್ತರ ‘ಕಂಪನಿ’ ಅಂತಿದ್ದರೆ ಅದು ಕನ್ಸೆಷನ್. ಬೇಸಿಗೆಯಲ್ಲಿ ಬೋರ್‌ವೆಲ್ ಇಳುವರಿ ಕುಸಿದು ಮೋಟರು ನೀರಿಲ್ಲದೆ ಓಡಿ ಸುಟ್ಟರೆ ಯಾರ ತಪ್ಪು ಎಂಬುದು ಬೇರೆ ಕಲಮು. ಜಗಳ ಹುಟ್ಟುವುದು ಅಲ್ಲೇ. ದಯವಿಟ್ಟು ಅದನ್ನು ‘ಅನಿವಾರ್ಯ ಕಾರಣ’ ಎಂಬ ಎರಡು ಪದದಲ್ಲಿ ಹೂತುಬಿಡಬೇಡಿ.
— ಕೆ. ವಿ.

*

‘ನಡೆಸುಹಕ್ಕು’ ಅನ್ನಿ. ಅಚ್ಚಗನ್ನಡ, ಓದಿದ ಕೂಡಲೇ ತಿಳಿಯುತ್ತದೆ. ಹಾಗೆಯೇ ‘ಸಹಭಾಗಿತ್ವ’ದ ಜಾಗದಲ್ಲಿ ‘ಕೂಡುಪಾಲು’. ಸಂಸ್ಕೃತದ ಹೊರೆಯನ್ನು ಹಳ್ಳಿಯವರ ತಲೆ ಮೇಲೆ ಹೇರುವುದು ಎಷ್ಟು ದಿನ?
— ತಿ.

*

ಹಕ್ಕು ಅರಬ್ಬಿ.
— ನಾ. ಭ.

*

ಅರಬ್ಬಿಯಾದರೇನು, ‘ಉ’ ಹಚ್ಚಿಕೊಂಡು ಎಂದೋ ನಮ್ಮದಾಗಿದೆ. ತಮಗೆ ‘ಖಾಸಗಿ’, ‘ಸರ್ಕಾರಿ’ ನಡೆಯುತ್ತದೆ, ‘ಹಕ್ಕು’ ಮಾತ್ರ ಚುಚ್ಚುತ್ತದೆ!
— ತಿ.

*

ಚುಚ್ಚುವುದು ಹಕ್ಕಲ್ಲ, ಅದನ್ನು ‘ಅಚ್ಚಗನ್ನಡ’ ಅಂದದ್ದು.
— ನಾ. ಭ.

*

ಜಗಳ ಮುಂದುವರಿಯಲಿ, ಮಿಕ್ಕ ಎರಡು ಪದ ಹೇಳಿಬಿಡುತ್ತೇನೆ.

‘ಆದಾಯರಹಿತ ನೀರು’ ಓದಿದರೆ ಬಡವರ ನೀರು ಅನ್ನಿಸುತ್ತದೆ. ‘ಸೋರಿಕೆ’ ಎಂದರೂ ಸಾಲದು. ಟ್ಯಾಂಕಿನಿಂದ 100 ಲೀಟರ್ ಬಿಟ್ಟು 65ಕ್ಕೆ ಬಿಲ್ಲಾದರೆ ಉಳಿದ 35 ಇದು. ಒಡೆದ ಪೈಪು, ಕಳ್ಳ ನಲ್ಲಿ, ನಿಧಾನ ತಿರುಗುವ ಮೀಟರು, ಬಿಲ್ಲಿಲ್ಲದ ಬೀದಿ ನಲ್ಲಿ ಎಲ್ಲ ಸೇರಿತು. ‘ಬಿಲ್ಲಿಗೆ ಬಾರದ ನೀರು’ ಅನ್ನಿ. ಟ್ಯಾಂಕಿನ ಹೊರಕೊಳವೆಗೆ ದೊಡ್ಡ ಮೀಟರು ಕೂರಿಸದಿದ್ದರೆ ಈ ಲೆಕ್ಕವೇ ಸಿಗದು, ಕಂಪನಿಯ ಗುರಿ ಕಾಗದದಲ್ಲೇ ಉಳಿಯುತ್ತದೆ. ಇದಕ್ಕೆ ತದ್ವಿರುದ್ಧವೂ ಉಂಟು: ದಿನಕ್ಕೆ ಒಂದೆರಡು ಗಂಟೆ ಮಾತ್ರ ನೀರು ಬಿಡುವ ಕಡೆ ಖಾಲಿ ಪೈಪಿನ ಗಾಳಿ ನುಗ್ಗಿ ಮನೆ ಮೀಟರು ಓಡುತ್ತದೆ. ಆಗ ಗಾಳಿಗೂ ಬಿಲ್ಲು!

‘ಹೂಳೆತ್ತುವಿಕೆ’ ಕೆರೆಯ ಮಾತು, ಇಲ್ಲಿ ಬೇಡ. ಸೆಪ್ಟಿಕ್ ಟ್ಯಾಂಕಿಗೆ ‘ಮಲದ ಕೆಸರು ತೆಗೆಯುವುದು’ ಎಂದು ನೇರವಾಗಿ ಬರೆಯಿರಿ. ಆದರೆ ಅವಳಿ ಗುಂಡಿಯ ಶೌಚಾಲಯಕ್ಕೂ ಅದೇ ಸಾಲು ಬಂದಿದ್ದರೆ ತಪ್ಪು ಮೂಲದಲ್ಲೇ ಇದೆ. ಅಲ್ಲಿ ತುಂಬಿದ ಗುಂಡಿಯನ್ನು ಮುಚ್ಚಿ, ಹರಿವನ್ನು ಇನ್ನೊಂದಕ್ಕೆ ತಿರುಗಿಸಿ, ಒಂದೂವರೆ-ಎರಡು ವರ್ಷ ಬಿಟ್ಟರೆ ಒಣ ಗೊಬ್ಬರವಾಗುತ್ತದೆ. ಹೀರುವ ಲಾರಿ ಬೇಕಿಲ್ಲ.
— ಕೆ. ವಿ.

*

ಎಲ್ಲರಿಗೂ ಧನ್ಯವಾದ. ಮೂಲದಲ್ಲಿ ಬಂಡವಾಳವೂ ಕಂಪನಿಯದೇ, 25 ವರ್ಷ. ಹಾಗಾಗಿ ‘ಹೂಡಿ ನಡೆಸುವ ಗುತ್ತಿಗೆ’ ಎಂದು ಹಾಕಿ, ಮೊದಲ ಸಲ ಬಂದಲ್ಲಿ ಒಂದು ಸಾಲಿನ ವಿವರಣೆ ಕೊಡುತ್ತಿದ್ದೇನೆ. ‘ಸಹಭಾಗಿತ್ವ’ ಕಚೇರಿ ಕಾಗದಗಳಲ್ಲಿ ಬೇರೂರಿರುವುದರಿಂದ ಹಾಗೇ ಇರಲಿ. ಅವಳಿ ಗುಂಡಿಯ ಸಾಲಿನ ಬಗ್ಗೆ ಬರೆಸಿದವರನ್ನೇ ಕೇಳಿದ್ದೇನೆ. ಕೊನೆಯದೊಂದು: ‘ವಾಲ್ವ್ ಆಪರೇಟರ್’?
— ಸು.

*

ನೀರುಗಂಟಿ. ಇದನ್ನೂ ಕೇಳಬೇಕೆ?
— ನಾ. ಭ.

*

ನೀರುಗಂಟಿ ಕೆರೆಯ ತೂಬಿನವನು. ನಲ್ಲಿಯವನಿಗೆ ಆ ಹೆಸರು ಅಂಟಿಸಿದ್ದು ಪಂಚಾಯಿತಿ.
— ತಿ.

*

ಅಂಟಿದೆಯಲ್ಲ, ಸಾಕು.
— ನಾ. ಭ.