ರಾಕೆಟ್ ‘ಬಿಟ್ಟರು’ ಅಂದರೆ ಹಾರಿಸಿದರೋ, ಕೈಬಿಟ್ಟರೋ?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಹುಟ್ಟಿದ ಪ್ರಶ್ನೆ ಇದು. ಅಲ್ಲಿ ಬಗೆಹರಿಯಲಿಲ್ಲ, ಅದಕ್ಕೇ ಇಲ್ಲಿಗೆ ತಂದಿದ್ದೇನೆ.

ಅಮೆರಿಕದ ಟೆಕ್ಸಸ್‌ನ ಬೋಕಾ ಚಿಕಾದಲ್ಲಿ ಸ್ಪೇಸ್‌ಎಕ್ಸ್ ಕಂಪನಿ ಸ್ಟಾರ್‌ಶಿಪ್ ರಾಕೆಟ್ಟನ್ನು ಪರೀಕ್ಷೆ ಮಾಡುತ್ತಿದೆಯಲ್ಲ, ಸುಮಾರು 120 ಮೀಟರ್ ಎತ್ತರದ್ದು, ನನಗೂ ನಮ್ಮ ಭಾವನಿಗೂ ಅದರ ಹುಚ್ಚು. ಎರಡೂ ಹಂತ ಜೋಡಿಸಿದ ಪೂರ್ತಿ ರಾಕೆಟ್ಟಿನ ಮೊದಲ ಹಾರಾಟ 2023ರ ಏಪ್ರಿಲ್ 17ಕ್ಕೆ ಇತ್ತು. ನಮಗೆ ಸಂಜೆ ಏಳರ ಹೊತ್ತು. ಟೀ ಮಾಡಿಕೊಂಡು ಕೂತೆವು. ಹಾರಲು ಇನ್ನು ಕೆಲವೇ ನಿಮಿಷ ಇರುವಾಗ ಒಂದು ವಾಲ್ವ್ ಹೆಪ್ಪುಗಟ್ಟಿದೆ, ಇವತ್ತು ಆಗಲ್ಲ ಅಂದರು. ಹಾರುವ ಮುಂಚಿನ ಇಳಿಎಣಿಕೆಯನ್ನು (ಕೌಂಟ್‌ಡೌನ್) ಮಾತ್ರ ಸುಮ್ನೆ ಅಭ್ಯಾಸಕ್ಕೆ ಅಂತ ಕೊನೆಯ ನಿಮಿಷದವರೆಗೂ ಓಡಿಸಿದರು. ನಾನು ಗುಂಪಿನಲ್ಲಿ ‘ಇವತ್ತಿಗೆ ಬಿಟ್ರು’ ಅಂತ ಹಾಕಿದೆ. ಚಿಕ್ಕಮ್ಮ ತಕ್ಷಣ ಚಪ್ಪಾಳೆ ಹೊಡೆದರು. ‘ಅಂತೂ ಬಿಟ್ರಾ! ಎಷ್ಟು ಮೇಲೆ ಹೋಯ್ತು?’

ತಪ್ಪು ಅವರದಲ್ಲ. ದೀಪಾವಳಿಯ ರಾಕೆಟ್ಟನ್ನೂ ಬಿಡುತ್ತೇವೆ, ಇಸ್ರೋದವರದ್ದನ್ನೂ ಬಿಡುತ್ತಾರೆ. ಕಾಫಿ ಬಿಡುವುದೂ ಬಿಡುವುದೇ. ರೀಲು ಬಿಡುವುದನ್ನಂತೂ ಕೇಳಲೇಬೇಡಿ.

ಹಾರುವ ದಿನ ಎಣಿಕೆ ಶುರುವಾದ ಮೇಲೆ ಆ ದಿನದ ಪ್ರಯತ್ನವನ್ನು ನಿಲ್ಲಿಸುವುದಕ್ಕೆ ಈ ಹುಚ್ಚಿನವರೆಲ್ಲ ‘ಸ್ಕ್ರಬ್’ ಅನ್ನುತ್ತಾರೆ. ಇದಕ್ಕೆ ಕನ್ನಡದಲ್ಲಿ ಏನನ್ನೋಣ? ‘ರದ್ದು’ ಬರೆದರೆ ಇನ್ನು ಹಾರಿಸುವುದೇ ಇಲ್ಲವೇನೋ ಅನ್ನಿಸುತ್ತದೆ. ‘ಮುಂದೂಡಿದರು’ ತಪ್ಪಲ್ಲ, ಆದರೆ ವಾರದ ಮುಂಚೆಯೇ ದಿನ ಬದಲಿಸಿದರೂ ಅದನ್ನೇ ಹೇಳುತ್ತೇವೆ. ಇಂಧನ ತುಂಬಿಸಿಕೊಂಡು ನಿಂತ ರಾಕೆಟ್ಟಿನಿಂದ ಅದನ್ನೆಲ್ಲ ವಾಪಸ್ ಇಳಿಸುವ ಬೇಸರ ಅದರಲ್ಲಿ ಬರಲ್ಲ. ‘ಕೈಬಿಟ್ಟರು’ ಅಂದರೆ ಕಥೆಯೇ ಮುಗಿಯಿತು. ಭಾವ ‘ನಿಂತಿತು’ ಅನ್ನಿ ಅಂದ. ಮಳೆ ಬಂದು ಯಕ್ಷಗಾನದ ಆಟ ನಿಂತಿತು ಅಂದರೆ ಮೇಳವೇ ಮುಚ್ಚಿತು ಅಂತ ಯಾರೂ ತಿಳಿಯಲ್ಲ, ಅಲ್ವಾ? ಸರಿಯೇ. ಆದರೆ ‘ಮದುವೆ ನಿಂತಿತು’ ಅಂದರೆ? ಅದೂ ಅಲ್ಲದೆ ಗಡಿಯಾರ ತಡೆದು, ತೊಂದರೆ ಸರಿಮಾಡಿ, ಮತ್ತೆ ಓಡಿಸುವುದೂ ಉಂಟು. ಅದು ‘ಹೋಲ್ಡ್’. ನಾನು ಸದ್ಯಕ್ಕೆ ಹೋಲ್ಡಿಗೆ ‘ಎಣಿಕೆ ತಡೆದರು’, ಸ್ಕ್ರಬ್ಬಿಗೆ ‘ಇವತ್ತಿನದು ನಿಂತಿತು’ ಅಂತ ಬರೆಯುತ್ತಿದ್ದೇನೆ. ಆ ‘ಇವತ್ತಿನದು’ ಇಲ್ಲದಿದ್ದರೆ ಅರ್ಥ ಕೆಡುತ್ತದೆ.

ಮೂರು ದಿನ ಬಿಟ್ಟು ನಿಜವಾಗಿಯೇ ಬಿಟ್ಟರು. ನಾಲ್ಕು ನಿಮಿಷಕ್ಕೆ ಸ್ಫೋಟ. ಕಂಪನಿಯವರು ನಗೆಯಾಡಿಕೊಂಡು ಹೇಳಿದ್ದನ್ನು ಭಾವ ‘ಹೇಳದೆ ಕೇಳದೆ ಬಿಡಿಬಿಡಿಯಾಯಿತು’ ಅಂತ ಕನ್ನಡಕ್ಕೆ ತಂದ. ಇದನ್ನು ಮಾತ್ರ ಯಾರೂ ಬದಲಿಸಬೇಡಿ.

ಎರಡನೆಯದು ‘ಹಿಡಿ’. 2024ರ ಅಕ್ಟೋಬರ್ 13, ವಿಜಯದಶಮಿಯ ಮಾರನೆ ದಿನ, ಭಾನುವಾರ ಸಂಜೆ. ಐದನೇ ಹಾರಾಟ. ಮೇಲೆ ಹೋದ 71 ಮೀಟರ್ ಉದ್ದದ ಕೆಳಹಂತ ಏಳು ನಿಮಿಷಕ್ಕೆ ಬಿಟ್ಟ ಜಾಗಕ್ಕೇ ವಾಪಸ್ ಬಂತು. ರಾಕೆಟ್ ಹಾರಿಸುವ ಗೋಪುರದ ಎರಡು ತೋಳುಗಳು ಅದರ ಸುತ್ತ ಮೆಲ್ಲಗೆ ಮುಚ್ಚಿಕೊಂಡು ಹಿಡಿದವು. ಇವಕ್ಕೆ ಅಲ್ಲಿಯವರ ಅಡ್ಡಹೆಸರು ಚಾಪ್‌ಸ್ಟಿಕ್, ಅಂದರೆ ಚೀನಾ, ಜಪಾನಿನವರು ಊಟ ಮಾಡುವ ಜೋಡಿ ಕಡ್ಡಿ. ನಾನು ಜಾಣತನ ಮಾಡಿ ‘ಇಕ್ಕಳ’ ಅಂತ ಬರೆದೆ. ಅಮ್ಮ ಫೋನಿನಲ್ಲಿ ನೋಡಿ ಒಪ್ಪಲೇ ಇಲ್ಲ. ‘ಇಕ್ಕಳ ಅಂದ್ರೆ ಪಾತ್ರೆ ಕಂಠವನ್ನ ಕಚ್ಚಬೇಕು. ಇದೆಲ್ಲಿ ಕಚ್ತು? ಮಗು ಕಂಕುಳಿಗೆ ಕೈ ಕೊಟ್ಟ ಹಾಗೆ ಆತ್ಕೊಂಡ್ತಲ್ಲ.’

ಮತ್ತೆ ನೋಡಿದೆ. ಅಮ್ಮ ಹೇಳಿದ್ದೇ ಸರಿ. ರಾಕೆಟ್ಟಿನ ಮೇಲ್ಭಾಗದಲ್ಲಿ ಜಾಲರಿ ರೆಕ್ಕೆಗಳ ಹತ್ತಿರ ಎರಡು ಸಣ್ಣ ಗೂಟಗಳಿವೆ. ಭಾರವೆಲ್ಲ ಆ ಗೂಟಗಳ ಮೂಲಕ ತೋಳಿನ ಮೇಲೆ ಕೂರುತ್ತದೆ. ತೋಳು ಅದನ್ನು ಹಿಂಡಿ ಹಿಡಿಯುವುದಿಲ್ಲ. ನಾನು ಚಾಪ್‌ಸ್ಟಿಕ್ ಅನ್ನೋ ಹೆಸರಿನ ಹಿಂದೆ ಹೋದೆ, ಅಮ್ಮ ನಡೆದದ್ದನ್ನು ನೋಡಿದಳು.

ನಮ್ಮ ಮನೆಯಲ್ಲಿ ಅಟ್ಟದ ಮೇಲಿಂದ ಹಿತ್ತಾಳೆ ಪಾತ್ರೆ ಇಳಿಸುವಾಗ ಕೆಳಗೆ ನಿಂತವರಿಗೆ ‘ಆತ್ಕೊ’ ಅನ್ನುತ್ತಿದ್ದರು. ಹಿಡ್ಕೊ ಅಲ್ಲ. ಕೈ ಒಡ್ಡಿ ನಿಲ್ಲು, ಭಾರ ನಿನ್ನ ಮೇಲೆ ಬರುತ್ತೆ ಅಂತ. ಹಳಗನ್ನಡದ ‘ಆನ್’ ಇದರ ಬೇರು ಇರಬೇಕು. ಗೋಡೆಗೆ ಆತುಕೊಂಡು ಕೂರುವುದೂ ಇದರದೇ ಬಳಗ ಅಲ್ವಾ?

ಗೋಪುರ ರಾಕೆಟ್ಟನ್ನು ‘ಆತುಕೊಂಡಿತು’ ಅಂತ ಬರೆದರೆ ನಿಮಗೆ ಒಪ್ಪಿಗೆಯೇ? ನಿಮ್ಮ ಕಡೆ, ಅದರಲ್ಲೂ ಧಾರವಾಡ, ಕಲಬುರಗಿ, ಮಂಗಳೂರಿನವರು, ಮೇಲಿಂದ ಇಳಿಸಿದ್ದಕ್ಕೆ ಕೈ ಒಡ್ಡುವುದಕ್ಕೆ ಏನನ್ನುತ್ತೀರಿ? ಸ್ಕ್ರಬ್ಬಿಗೂ ಒಂದು ಪದ ಕೊಡಿ. ‘ಬಿಡು’ ಇರುವಂಥದ್ದು ಬೇಡ. ಚಿಕ್ಕಮ್ಮ ಈಗ ಪ್ರತಿ ಸಲವೂ ‘ಯಾವ ಬಿಟ್ಟಿದ್ದು?’ ಅಂತ ಕೇಳಿಯೇ ಚಪ್ಪಾಳೆ ಹೊಡೆಯುತ್ತಾರೆ.