ಗಬ್ಬದ ಕುದುರೆಯ ತೊಂದರೆಗಳಿಗೆ ಕನ್ನಡ ಪದ ಬೇಕು (ನಾಳೆ ಸಂಜೆಯೊಳಗೆ)

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಕುದುರೆ ಸಾಕುವವರಿಗಾಗಿ ಒಂದು ತಪಾಸಣಾ ಶಿಬಿರ ಇದೆ. ಜಟಕಾದವರು, ಮದುವೆ ಮೆರವಣಿಗೆಗೆ ಕುದುರೆ ಕೊಡುವವರು, ಕುರಿಹಿಂಡಿನ ಜೊತೆ ತಟ್ಟು ಕುದುರೆ ಇಟ್ಟುಕೊಂಡವರು ಬರುತ್ತಾರೆ. ಅಲ್ಲಿ ಹಾಕುವ ಫ್ಲೆಕ್ಸ್ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಪ್ಲಾಸೆಂಟೈಟಿಸ್, ಅಬಾರ್ಷನ್, ರಿಟೇನ್ಡ್ ಪ್ಲಾಸೆಂಟಾ, ರೆಡ್ ಬ್ಯಾಗ್, ಈ ನಾಲ್ಕಕ್ಕೆ ಪದ ಬೇಕು. ಪ್ಲಾಸೆಂಟಾ ಅಂದರೆ ಹೊಟ್ಟೆಯಲ್ಲಿ ಮರಿಯನ್ನು ಪೋಷಿಸಿ, ಈದ ಮೇಲೆ ಹೊರಬೀಳುವ ಪೊರೆ. ಅದರ ಸೋಂಕು, ಗಬ್ಬ ಹೋಗುವುದು, ಪೊರೆ ಬೀಳದೆ ಉಳಿಯುವುದು, ಮರಿಗಿಂತ ಮೊದಲೇ ಕಳಚಿ ಬರುವುದು, ಕ್ರಮವಾಗಿ ಇವೇ ಆ ನಾಲ್ಕು. ನಿಘಂಟು ನೋಡಿ ಜರಾಯು ಉರಿಯೂತ, ಗರ್ಭಪಾತ, ಜರಾಯು ಧಾರಣೆ ಅಂತ ಬರೆದು ಜಟಕಾದವರೊಬ್ಬರಿಗೆ ತೋರಿಸಿದೆ. "ಇದನ್ನ ಯಾರು ಓದಬೇಕು ಸರ್?" ಅಂದರು. ರೆಡ್ ಬ್ಯಾಗ್‌ಗಂತೂ ನಿಘಂಟಿನಲ್ಲಿ ಏನೂ ಸಿಗಲಿಲ್ಲ. ಫ್ಲೆಕ್ಸ್ ಅಂಗಡಿಯವರು ನಾಳೆ ಸಂಜೆಯೊಳಗೆ ಬೇಕೇ ಬೇಕು ಅಂದಿದ್ದಾರೆ. ದಯವಿಟ್ಟು ಸಹಾಯ ಮಾಡಿ.
— ದಾವಣಗೆರೆಯಿಂದ

*

ಮೊದಲು ನಿಮ್ಮ ತಲೆಬರಹವನ್ನೇ ತಿದ್ದಿಕೊಳ್ಳಿ. ಗಬ್ಬ ಎನ್ನುವುದು ಗರ್ಭದ ತದ್ಭವ. ನಮ್ಮದೇ ಬಸಿರು ಇರುವಾಗ ಅದೇಕೆ? ಹಳಗನ್ನಡದ ಬಸಿಱ್, ತಮಿಳಿನ ವಯಿಱು ಎರಡೂ ಒಂದೇ ಬೇರಿನವು. ಜರಾಯು ಕೂಡ ಸಂಸ್ಕೃತ. 'ಮಾಸು' ಬರೆಯಿರಿ, ತೆಲುಗಿನ ಮಾವಿ ನೋಡಿ. ಉಳಿದದ್ದನ್ನು ಕಟ್ಟಿಕೊಳ್ಳಬೇಕು: ಪ್ಲಾಸೆಂಟೈಟಿಸ್‌ಗೆ ಮಾಸುರಿ, ರಿಟೇನ್ಡ್ ಪ್ಲಾಸೆಂಟಾಗೆ ಮಾಸುಳಿಕೆ, ರೆಡ್ ಬ್ಯಾಗ್‌ಗೆ ಕೆಂಚೀಲ.
— ಬೆಂಗಳೂರಿಂದ

*

ಮಾಸುರಿ, ಮಾಸುಳಿಕೆ ಬೇಡವೇ ಬೇಡ. ನಡುರಾತ್ರಿ ಕುದುರೆ ಒದ್ದಾಡುತ್ತಿರುವಾಗ ಯಾರೂ ಪದ ಬಿಡಿಸಿ ಓದುತ್ತಾ ಕೂರುವುದಿಲ್ಲ.

ಗಬ್ಬದ ಮಾತು. ವರ್ತಿ ಬತ್ತಿಯಾದ ಹಾಗೆ ಗರ್ಭ ಗಬ್ಬವಾಗಿದೆ, ಸರಿ. ಬತ್ತಿಯನ್ನು ಯಾರಾದರೂ ಕನ್ನಡದಿಂದ ಹೊರಗೆ ಹಾಕಿದ್ದಾರಾ? ಇಂಥ ಪದಗಳಿಗೆ ಅಂತಲೇ ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಒಂದು ಪ್ರಕರಣ ಬರೆದಿದ್ದಾನೆ. ನಮ್ಮ ಚಿತ್ರದುರ್ಗದ ಕಡೆ ಹೆಣ್ಣುಮಗಳು ಬಸುರಿ. ಎಮ್ಮೆ, ಕುರಿ, ಕುದುರೆ ಗಬ್ಬ. ಎರಡು ಪದ ಎರಡು ಕೆಲಸ ಮಾಡುತ್ತಿವೆ. ಹಾಗೇ ಇರಲಿ.

ಅಬಾರ್ಷನ್‌ಗೆ 'ಕಂದು ಹಾಕುವುದು' ಅಂತ ಬರೆಯಿರಿ. ಕುರಿ ಕಾಯುವ ಹುಡುಗನಿಗೂ ಗೊತ್ತು. ಈ ಕಂದು ಬಣ್ಣದ ಕಂದು ಅಲ್ಲ. ತಮಿಳಿನ ಕನ್ಱು, ನಮ್ಮ ಕಂದ, ಅದೇ ಬೇರಿನ ಕಂದು ಇದು. ಇಷ್ಟು ಹಳೆಯ, ಇಷ್ಟು ಜೀವಂತ ಪದ ಬಾಯಲ್ಲಿರುವಾಗ ಗರ್ಭಪಾತ ಯಾಕೆ ಬೇಕು? ಆದರೆ ಒಂದು ಎಚ್ಚರ. 'ಕಂದು ರೋಗ' ಅಂತ ಮಾತ್ರ ಹಾಕಬೇಡಿ. ದನ ಸಾಕುವವರಿಗೆ ಅದು ಬ್ರುಸೆಲ್ಲೋಸಿಸ್, ದನಗಳು ಕಂದು ಹಾಕುವ ಹಾಗೆ ಮಾಡುವ ಒಂದು ಸೋಂಕು. ಕುದುರೆ ಕಂದು ಹಾಕುವುದಕ್ಕೆ ಕಾರಣಗಳು ಬೇರೆ. ಅವಳಿ ನಿಂತರೆ ಕುದುರೆಯ ಗರ್ಭಕೋಶಕ್ಕೆ ಎರಡನ್ನೂ ಸಾಕುವ ಶಕ್ತಿ ಇಲ್ಲ, ಹೆಚ್ಚಾಗಿ ಎರಡೂ ಹೋಗುತ್ತವೆ. ಇನ್ನೊಂದು ಹರ್ಪಿಸ್ ವೈರಸ್, ಇಎಚ್‌ವಿ-1. 7 ತಿಂಗಳು ದಾಟಿದ ಮೇಲೆ, ಮೇವು ತಿಂದುಕೊಂಡು ಚೆನ್ನಾಗಿದ್ದ ಕುದುರೆಯೇ ಸುಳಿವಿಲ್ಲದೆ ಕಂದು ಹಾಕುತ್ತದೆ. ಹಾಕಿದ್ದನ್ನು ಬೇರೆ ಕುದುರೆಗಳು ಮೂಸದ ಹಾಗೆ ನೋಡಿಕೊಳ್ಳಬೇಕು. ಇದನ್ನೂ ಫ್ಲೆಕ್ಸ್‌ನಲ್ಲಿ ಸೇರಿಸಿ.

ಮೂರನೆಯದು, ರಿಟೇನ್ಡ್ ಪ್ಲಾಸೆಂಟಾ, ನನಗೆ ಎಲ್ಲಕ್ಕಿಂತ ಮುಖ್ಯ. ಮಾಸು ಒಳ್ಳೆಯ ಪದ, ಹಿರಿಯರ ಬಾಯಲ್ಲಿ ಇನ್ನೂ ಇದೆ. ಆದರೆ ಕೊಟ್ಟಿಗೆಯಲ್ಲಿ ನಾನು ಜಾಸ್ತಿ ಕೇಳಿರುವುದು 'ಕಸ ಬಿದ್ದಿಲ್ಲ' ಅಂತ. ಎರಡನ್ನೂ ಹಾಕಿ, ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ '3 ಗಂಟೆ' ಅಂತ ಬರೆಯಿರಿ. ಯಾಕೆ ಅಂದರೆ ಈ ಪದದ ಜೊತೆ ಎಮ್ಮೆಯ ಲೆಕ್ಕ ಅಂಟಿಕೊಂಡಿದೆ. ಎಮ್ಮೆ, ಹಸುವಿಗೆ ಅರ್ಧ ದಿನ ಕಾಯುತ್ತಾರೆ. ಕುದುರೆಗೆ ಅಷ್ಟು ಹೊತ್ತು ಇಲ್ಲ. ಹೊಳಲ್ಕೆರೆ ಕಡೆ ಒಂದು ಹಟ್ಟಿಯಲ್ಲಿ ನೋಡಿದ್ದೇನೆ. ರಾತ್ರಿ ಈದ ಕುದುರೆ. ಮರಿ ಎದ್ದು ಗಿಣ್ಣು ಕುಡಿಯುತ್ತಿತ್ತು, ಎಲ್ಲರೂ ಖುಷಿಯಾಗಿದ್ದರು. ಹಿಂದೆ ಕಸ ಜೋತುಬಿದ್ದು ನೆಲಕ್ಕೆ ತಾಗುತ್ತಿತ್ತು, ಸಗಣಿ ಮಣ್ಣು ಮೆತ್ತಿತ್ತು. "ಬೆಳಿಗ್ಗೆ ಹೊತ್ತಿಗೆ ಬೀಳ್ತದೆ ಬಿಡಿ, ಎಮ್ಮೆಗೂ ಹಿಂಗೇ ಆಗಿತ್ತು" ಅಂದ ಯಜಮಾನ. ಎರಡು ದಿನಕ್ಕೆ ಮೈ ಕಾದು, ನಾಲ್ಕೂ ಗೊರಸು ಬಿಸಿಯಾಗಿ, ಕುದುರೆ ಕಾಲು ಊರಲಾರದೆ ನಡುಗುತ್ತಾ ನಿಂತಿತ್ತು. ಗರ್ಭಕೋಶದ ನಂಜು ರಕ್ತಕ್ಕೆ ಸೇರಿ ಗೊರಸಿಗೆ ಇಳಿದಿತ್ತು. ಆ ಮನುಷ್ಯನಿಗೆ ಪದ ಗೊತ್ತಿತ್ತು, ಹೊತ್ತು ಗೊತ್ತಿರಲಿಲ್ಲ. ಎಳೆಯಬಾರದು, ಕಲ್ಲು ಕಟ್ಟಬಾರದು ಅಂತಲೂ ಬರೆಯಿರಿ. ತುಳಿಯದ ಹಾಗೆ ಮೇಲಕ್ಕೆ ಗಂಟು ಹಾಕಿ, ಡಾಕ್ಟರಿಗೆ ಫೋನ್ ಮಾಡಬೇಕು.

ರೆಡ್ ಬ್ಯಾಗ್‌ಗೆ ಪದ ಹುಡುಕಬೇಡಿ, ಕಾಣುವುದನ್ನು ಬರೆಯಿರಿ. ಸರಿಯಾಗಿ ಈಯುವಾಗ ಮೊದಲು ನೀರು ಹೋಗಿ, ಆಮೇಲೆ ಬೆಳ್ಳಗಿನ ತೆಳು ಚೀಲ ಬರುತ್ತದೆ. ಅದರ ಬದಲು ಮಖಮಲ್ಲಿನಂಥ ಕೆಂಪು ಚೀಲ ಬಂದರೆ ಮಾಸು ಮೊದಲೇ ಕಳಚಿದೆ, ಒಳಗೆ ಮರಿಗೆ ಉಸಿರಿಲ್ಲ ಅಂತ ಅರ್ಥ. ಡಾಕ್ಟರಿಗೆ ಕಾಯುವ ಹಾಗಿಲ್ಲ. ಅಲ್ಲೇ ಚೀಲ ಸೀಳಿ ಮರಿ ತೆಗೆಯಬೇಕು. 'ಕೆಂಪು ಚೀಲ' ಸಾಕು.

ಪ್ಲಾಸೆಂಟೈಟಿಸ್‌ಗೆ 'ಮಾಸಿನ ಸೋಂಕು'. ಉರಿಯೂತ ಬೇಡ.
— ಚಿತ್ರದುರ್ಗದಿಂದ

*

'ಕೆಂಪು ಚೀಲ' ಒಪ್ಪಬಹುದು. 'ಕಸ' ಬೋರ್ಡಿಗೆ ಯೋಗ್ಯವಲ್ಲ, ಗುಡಿಸಿ ಹಾಕುವ ವಸ್ತುವಿನ ಹೆಸರು. ಬಾಯಿಗೆ ಬಂದದ್ದೆಲ್ಲ ಕನ್ನಡ ಅನ್ನುತ್ತಾ ಹೋದರೆ ನಾಳೆ ಡೆಲಿವರಿ, ಇನ್ಫೆಕ್ಷನ್ ಕೂಡ ಕನ್ನಡ ಆಗುತ್ತವೆ. ಕಟ್ಟುವ ಅಭ್ಯಾಸ ಬಿಟ್ಟ ನುಡಿ ಸಾಲದಲ್ಲೇ ಬದುಕುತ್ತದೆ.
— ಬೆಂಗಳೂರಿಂದ

*

ಸಾಲದ ಮಾತು ಕುದುರೆಯ ಹತ್ತಿರ ಆಡಬೇಡಿ. ಲಗಾಮು ಪಾರಸಿ, ಜೀನು ಪಾರಸಿ, ತಟ್ಟು ಹಿಂದುಸ್ತಾನಿ. ಇವೆಲ್ಲ ಕುದುರೆ ಜೊತೆ ಬಂದವು, ಉಳಿದವು. ಆದರೆ ಗಬ್ಬ, ಈಯು, ಸೂಲು, ಕೆಚ್ಚಲು, ಗಿಣ್ಣು, ಕಂದು, ಮಾಸು ನಮ್ಮ ದನದ ಕೊಟ್ಟಿಗೆಯಿಂದ ಬಂದವು. ಕಟ್ಟುವುದಕ್ಕೆ ನನ್ನ ವಿರೋಧ ಇಲ್ಲ. ಇರುವುದನ್ನು ಕೇಳಿಸಿಕೊಳ್ಳದೆ ಕಟ್ಟುವುದಕ್ಕೆ ವಿರೋಧ ಇದೆ. ಡೆಲಿವರಿ ಬರುವುದು ಈ ಪದಗಳನ್ನು ಗಲೀಜು ಅಂತ ನಾವು ಬೋರ್ಡಿನಿಂದ ತೆಗೆದಾಗಲೇ.
— ಚಿತ್ರದುರ್ಗದಿಂದ

*

ಇಬ್ಬರಿಗೂ ಧನ್ಯವಾದ. ಹೀಗೆ ಬರೆದಿದ್ದೇನೆ:

"ಕುದುರೆ ಗಬ್ಬ ಸುಮಾರು 11 ತಿಂಗಳು. ದಿನ ತುಂಬುವ ಮೊದಲೇ ಕೆಚ್ಚಲು ತುಂಬಿ ಹಾಲು ಸೋರಿದರೆ, ಹಿಂದಿನಿಂದ ಕೀವು ಕಂಡರೆ ಮಾಸಿನ ಸೋಂಕು ಇರಬಹುದು, ತೋರಿಸಿ. ಕಂದು ಹಾಕಿದರೆ ಬೇರೆ ಕುದುರೆಗಳನ್ನು ದೂರ ಇಡಿ. ಮರಿ ಹಾಕುವಾಗ ಕೆಂಪು ಚೀಲ ಕಂಡರೆ ತಕ್ಷಣ ಸೀಳಿ. ಕಸ (ಮಾಸು) 3 ಗಂಟೆಯೊಳಗೆ ಬೀಳದಿದ್ದರೆ ಬೆಳಗಿನವರೆಗೆ ಕಾಯಬೇಡಿ, ಎಳೆಯಬೇಡಿ, ಡಾಕ್ಟರಿಗೆ ಫೋನ್ ಮಾಡಿ."

ಒಂದೇ ಅನುಮಾನ. 'ಮರಿ ಹಾಕುವಾಗ' ಇರಲಾ, 'ಈಯುವಾಗ' ಮಾಡಲಾ?
— ದಾವಣಗೆರೆಯಿಂದ

*

ಈಯುವಾಗ. ಮೇಲೆ 'ಕಂದು ಹಾಕಿದರೆ' ಇದೆ, ಮತ್ತೆ 'ಹಾಕು' ಬಂದರೆ ಗೊಂದಲ. ಅಂಗಡಿಗೆ ಕಳಿಸಿಬಿಡಿ.
— ಚಿತ್ರದುರ್ಗದಿಂದ