ಸಹಾಯ ಬೇಕು: ಫಲಕ್‌ನುಮಾದಲ್ಲಿ ಅಮ್ಮನ ಜೊತೆ ಒಂದು ರಾತ್ರಿ

ಎಲ್ಲರಿಗೂ ನಮಸ್ಕಾರ. ನಾವು ಕಲಬುರಗಿಯವರು. ಹೈದರಾಬಾದಿನ ಫಲಕ್‌ನುಮಾ ಅರಮನೆಯಲ್ಲಿ ಒಂದು ರಾತ್ರಿಯಾದರೂ ಉಳೀಬೇಕು ಅನ್ನೋದು ಅಮ್ಮನ ಬಹಳ ದಿನದ ಆಸೆ. ನಿಜಾಮರ ಕಾಲ ಕಂಡಿದ್ದ ನಮ್ಮಜ್ಜ ಗುಡ್ಡದ ಮೇಲಿನ ಆ ಬಿಳಿ ಮಹಲಿನ ಕಥೆ ಹೇಳ್ತಿದ್ದರಂತೆ. ವರ್ಷಗಟ್ಟಲೆ ಬೀಗ ಬಿದ್ದಿದ್ದ ಅರಮನೆ, ದುರಸ್ತಿಯಾಗಿ 2010ರಲ್ಲಿ ತಾಜ್ ಹೋಟೆಲಾದಾಗಿನಿಂದ ದುಡ್ಡು ಕೂಡಿಡ್ತಿದ್ದೀನಿ.

ಈಗ ಚಿಂತೆ ಅಮ್ಮನ ಮಂಡಿದು. ನಮ್ಮನೆಯ ನಾಲ್ಕು ಮೆಟ್ಟಿಲನ್ನೇ ಗೋಡೆ ಹಿಡ್ಕೊಂಡು, ಒಂದೊಂದಕ್ಕೂ ನಿಂತು ಹತ್ತುತ್ತಾರೆ. ಗೇಟಿನಿಂದ ಕುದುರೆ ಸಾರೋಟಿನಲ್ಲಿ ಕರ್ಕೊಂಡು ಹೋಗ್ತಾರಲ್ಲ, ಅದನ್ನು ಹತ್ತೋದು ಕಷ್ಟವೇ? ಬದಲಿಗೆ ಕಾರು ಕೊಡ್ತಾರಾ? 101 ಜನ ಕೂರುವ ಊಟದ ಮೇಜಿನ ತನಕ ಅಮೃತಶಿಲೆ ಮೆಟ್ಟಿಲು ತಪ್ಪಿಸಿ ಹೋಗಬಹುದಾ? ಆ ಮೇಜನ್ನು ಅಮ್ಮ ನೋಡಲೇಬೇಕು. ವಯಸ್ಸಾದವರ ಜೊತೆ ಉಳಿದು ಬಂದವರು ದಯವಿಟ್ಟು ತಿಳಿಸಿ. ನೆಲಮಟ್ಟದ ಕೋಣೆ ಸಿಕ್ಕರೆ ಇವತ್ತೇ ಬುಕ್ ಮಾಡ್ತೀನಿ.